ಓದುಗರ ಕೇಳಿ-ಹೇಳಿ: ನಕಾಶೆಯಲ್ಲಿ ಇಲ್ಲದ ದೇಶದ ದೇಶಾಭಿಮಾನ

ವಾರ್ಸಾ ನಗರದ ನವೆಂಬರ್ ಮೆರವಣಿಗೆಯನ್ನು ಟೀವಿಯಲ್ಲಿ ನೋಡಿದವರೊಬ್ಬರು ಶುರು ಮಾಡಿದ್ದು, ಈಗ ಪತ್ರಗಳ ಕಟ್ಟೇ ಸೇರಿದೆ. ಹಾಗಾಗಿ ಈ ಸಲ ಬರೀ ಪೋಲೆಂಡ್. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೋಲಿಷ್ ಹೆಸರುಗಳನ್ನು ಕನ್ನಡದಲ್ಲಿ ಬರೆಯುವುದು ಕಡಲೆ ಬಾಯಲ್ಲಿಟ್ಟುಕೊಂಡು ಪದ್ಯ ಓದಿದ ಹಾಗೆ. ಆದಷ್ಟು ಹತ್ತಿರ ಬರೆದಿದ್ದೇನೆ, ಆ ಭಾಷೆ ಬಲ್ಲವರು ಕ್ಷಮಿಸಬೇಕು.

ಸರ್, ಪ್ರತಿ ನವೆಂಬರ್ 11ಕ್ಕೆ ವಾರ್ಸಾದ ಬೀದಿ ತುಂಬ ಕೆಂಪು-ಬಿಳಿ ಬಾವುಟ, ಕೆಂಪು ಹೊಗೆ, ಕೂಗು. ನೋಡಿದರೆ ಸೋಜಿಗವೂ ಆಗುತ್ತೆ, ಸ್ವಲ್ಪ ಹೆದರಿಕೆಯೂ ಆಗುತ್ತೆ. ಇವರ ದೇಶಾಭಿಮಾನಕ್ಕೆ ಇಷ್ಟು ಕಾವು ಎಲ್ಲಿಂದ ಬಂತು?
— ಮೈಸೂರಿನ ಒಬ್ಬ ಓದುಗರು

ಅರ್ಧ ಉತ್ತರ ಆ ತಾರೀಕಿನಲ್ಲೇ ಇದೆ. 1918ರ ನವೆಂಬರ್ 11ರಂದು ಪೋಲೆಂಡ್ ಮತ್ತೆ ಹುಟ್ಟಿತು ಎಂದು ಅವರ ಲೆಕ್ಕ. ಅದಕ್ಕೂ ಮುಂಚಿನ 123 ವರ್ಷ ಆ ದೇಶ ನಕಾಶೆಯಲ್ಲೇ ಇರಲಿಲ್ಲ. ರಷ್ಯಾ, ಪ್ರಷ್ಯಾ (ಜರ್ಮನರ ದೊಡ್ಡ ರಾಜ್ಯ), ಆಸ್ಟ್ರಿಯಾ ಅದನ್ನು ಮೂರು ಕಂತಿನಲ್ಲಿ ಹಂಚಿಕೊಂಡಿದ್ದವು, 1772, 1793, 1795. (ನಡುವಿನ ಕಂತಿನಲ್ಲಿ ಆಸ್ಟ್ರಿಯಾಕ್ಕೆ ಪಾಲು ಇರಲಿಲ್ಲ, ಅದು ಬೇರೆ ಮಾತು.)

ಹಂಚಿಕೊಳ್ಳುವ ಮುಂಚೆ ಅದು ಸಣ್ಣ ರಾಜ್ಯವೇನಲ್ಲ. 1569ರಲ್ಲಿ ಲುಬ್ಲಿನ್ ಊರಿನ ಒಪ್ಪಂದದಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾ ಒಂದಾದವು. ಇವತ್ತಿನ ಬೆಲಾರುಸ್, ಉಕ್ರೇನಿನ ದೊಡ್ಡ ಭಾಗ ಎಲ್ಲ ಅದರೊಳಗೆ ಇತ್ತು. ಆ ರಾಜ್ಯದಲ್ಲಿ ರಾಜನನ್ನು ಚುನಾಯಿಸುತ್ತಿದ್ದರು. ಚುನಾಯಿಸುತ್ತಿದ್ದವರು ಷ್ಲಾಖ್ತಾ ಎಂಬ ಜಮೀನ್ದಾರಿ ವರ್ಗದವರು, ಜನಸಂಖ್ಯೆಯಲ್ಲಿ ಶೇಕಡಾ 8ರಿಂದ 10ರಷ್ಟು. 'ಪೋಲಿಷ್ ರಾಷ್ಟ್ರ' ಅಂದರೆ ಆಗ ಇವರು ಮಾತ್ರ. ಮನೆಯಲ್ಲಿ ಯಾವ ಭಾಷೆ, ಯಾವ ಚರ್ಚು ಅನ್ನೋದು ಅಷ್ಟು ಮುಖ್ಯ ಆಗಿರಲಿಲ್ಲ, ಷ್ಲಾಖ್ತಾ ಆಗಿದ್ದರೆ ಸಾಕು. ತಾವು ಸಾರ್ಮೇಷಿಯನ್ನರು ಎಂಬ ಹಳೆಯ ಕುದುರೆ ಸವಾರರ ಸಂತತಿ, ಹೊಲದಲ್ಲಿ ದುಡಿಯುವವರು ಬೇರೆ ಕುಲ ಎಂದು ಅವರು ನಂಬಿದ್ದರು. ಇಂಥ ನಂಬಿಕೆ ನಮಗೇನು ಹೊಸದಲ್ಲ ಬಿಡಿ.

ಈ ಷ್ಲಾಖ್ತಾದ ರಾಷ್ಟ್ರಕ್ಕೆ ದೇಶ ಹೋಯಿತು, ಅಭಿಮಾನ ಉಳಿಯಿತು. ಹಂಚಿಕೆ ಶುರುವಾಗುವ ಹೊತ್ತಿಗೆ ಫ್ರೆಂಚ್ ಚಿಂತಕ ರೂಸೋ ಹತ್ತಿರ ಅವರು ಸಲಹೆ ಕೇಳಿದ್ದರು. ಆತ ಕೊಟ್ಟ ಸಲಹೆ ಇಷ್ಟು: ನೆರೆಯವರು ನಿಮ್ಮನ್ನು ನುಂಗೋದನ್ನು ತಪ್ಪಿಸೋಕೆ ಆಗದಿದ್ದರೆ ಅವರಿಗೆ ಅರಗದ ಹಾಗಾದರೂ ಇರಿ. ಆಮೇಲಿನ ನೂರು ವರ್ಷ ಅವರು ಮಾಡಿದ್ದು ಇದನ್ನೇ. ನೀವು ಟೀವಿಯಲ್ಲಿ ನೋಡಿದ ಕಾವು ಹೀಗೆ ಅರಗದೆ ಉಳಿದವರದ್ದು.

ಆ ಕಾಲದ ಬಡ ರೈತರಿಗೂ ತಾವು ಪೋಲಿಷರು ಅನ್ನೋ ಭಾವನೆ ಇತ್ತಾ?
— ಹಾವೇರಿಯಿಂದ

ಇರಲಿಲ್ಲ. ಜಾಸ್ತಿ ಜನ ಕೇಳದೆ ಬಿಡುವ ಪ್ರಶ್ನೆ ಇದು, ಕೇಳಿದ್ದು ಒಳ್ಳೆಯದಾಯಿತು.

1846ರಲ್ಲಿ ಆಸ್ಟ್ರಿಯಾದ ಕೈಯಲ್ಲಿದ್ದ ಗಲೀಷಿಯಾ ಪ್ರಾಂತ್ಯದಲ್ಲಿ ಷ್ಲಾಖ್ತಾ ಜನ ದೇಶದ ಬಿಡುಗಡೆಗೆ ಅಂತ ದಂಗೆ ಎದ್ದರು. ರೈತರೂ ಜೊತೆಗೆ ಬರುತ್ತಾರೆ ಎಂದುಕೊಂಡಿದ್ದರು. ರೈತರು ಬಂದರು ನಿಜ, ಕುಡುಗೋಲು ಹಿಡಿದು ಇವರ ಮೇಲೇ ಬಂದರು. ಸುಮಾರು ಸಾವಿರ ಜಮೀನ್ದಾರರು ಸತ್ತರು, ಐನೂರರಷ್ಟು ದೊಡ್ಡಮನೆಗಳು ಹಾಳಾದವು. ಬಿಟ್ಟಿ ದುಡಿಸಿಕೊಳ್ಳುತ್ತಿದ್ದ ಒಡೆಯನಿಗಿಂತ ದೂರದ ವಿಯೆನ್ನಾದ ಚಕ್ರವರ್ತಿಯೇ ಅವರಿಗೆ ಹತ್ತಿರದವನಾಗಿ ಕಂಡಿದ್ದ. ಮುಂದೆ 1848ರಲ್ಲಿ ಅಲ್ಲಿ ಬಿಟ್ಟಿ ದುಡಿಮೆ ತೆಗೆದುಹಾಕಿದ್ದೂ ಆ ಚಕ್ರವರ್ತಿಯ ಸರ್ಕಾರವೇ. ರಷ್ಯಾದ ಭಾಗದಲ್ಲಿ 1864ರಲ್ಲಿ ರೈತರಿಗೆ ನೆಲ ಕೊಟ್ಟವನು ಝಾರ್, ಅಂದರೆ ರಷ್ಯಾದ ಚಕ್ರವರ್ತಿ. ಅಂದರೆ ರೈತನ ಕೈಗೆ ನೆಲ ಬಂದದ್ದು 'ಪರಕೀಯ'ರಿಂದ. ಈ ಮುಜುಗರ ಪೋಲಿಷ್ ರಾಷ್ಟ್ರೀಯವಾದಿಗಳನ್ನು ಬಹಳ ಕಾಲ ಕಾಡಿದೆ.

ಗಲೀಷಿಯಾದ ಒಂದು ಹಳ್ಳಿಯಲ್ಲಿ ಯಾನ್ ಸ್ವೊಮ್ಕಾ ಎಂಬ ರೈತ ಇದ್ದ. ಹಳ್ಳಿಯ ಮುಖ್ಯಸ್ಥನೂ ಆಗಿದ್ದ, ಮುಪ್ಪಿನಲ್ಲಿ ತನ್ನ ನೆನಪುಗಳನ್ನು ಬರೆದಿಟ್ಟ. ಪುಸ್ತಕ, ಪತ್ರಿಕೆ ಓದಲು ಶುರು ಮಾಡುವ ತನಕ ತಾನು ಪೋಲಿಷ್ ಎಂದೇ ತನಗೆ ಗೊತ್ತಿರಲಿಲ್ಲ ಎಂದು ಅದರಲ್ಲಿ ಹೇಳುತ್ತಾನೆ. ರಾಷ್ಟ್ರ ರಕ್ತದಲ್ಲಿ ಬರುತ್ತೆ ಅನ್ನುವವರ ಮುಂದೆ ನಾನು ಈ ಸ್ವೊಮ್ಕಾನನ್ನು ನಿಲ್ಲಿಸುತ್ತೇನೆ.

ಶಾಲೆಯಲ್ಲಿ, ಕಚೇರಿಯಲ್ಲಿ ಬೇರೆ ಭಾಷೆ ಹೇರಿದರೂ ಪೋಲಿಷ್ ಉಳಿದದ್ದು ಹೇಗೆ? ಕನ್ನಡ ಮೇಷ್ಟ್ರು ನಾನು, ಅದಕ್ಕೇ ಕುತೂಹಲ.
— ಧಾರವಾಡದ ಶಿಕ್ಷಕರು

ಮೇಷ್ಟ್ರೇ, ಎಲ್ಲ ಕಡೆ ಒಂದೇ ಥರ ಹೇರಿರಲಿಲ್ಲ. ಆಸ್ಟ್ರಿಯಾದ ಭಾಗದಲ್ಲಿ 1870ರ ದಶಕದ ಶುರುವಿನಿಂದ ಕ್ರಾಕೋವ್, ಲ್ವೂಫ್ (ಇವತ್ತಿನ ಉಕ್ರೇನಿನ ಲ್ವಿವ್) ವಿಶ್ವವಿದ್ಯಾಲಯಗಳಲ್ಲೇ ಪೋಲಿಷ್ ನಡೆಯುತ್ತಿತ್ತು. ರಷ್ಯಾ ಮತ್ತು ಪ್ರಷ್ಯಾದ ಭಾಗದಲ್ಲಿ ಕಷ್ಟ.

1901ರಲ್ಲಿ ಪ್ರಷ್ಯಾದ ಕೈಕೆಳಗಿನ ವ್ಜೆಷ್ನ್ಯಾ ಎಂಬ ಸಣ್ಣ ಊರಿನ ಶಾಲೆಯ ಕತೆ ಕೇಳಿ. ಉಳಿದ ಪಾಠಗಳು ಆಗಲೇ ಜರ್ಮನ್‌ನಲ್ಲಿದ್ದವು. ಧರ್ಮದ ಪಾಠ, ಪ್ರಾರ್ಥನೆ ಮಾತ್ರ ಪೋಲಿಷ್‌ನಲ್ಲಿತ್ತು, ಅದನ್ನೂ ಜರ್ಮನ್‌ಗೆ ತಿರುಗಿಸಿದರು. ಮಕ್ಕಳು ಬಾಯಿ ಬಿಡಲಿಲ್ಲ. ಬಾಯಿ ಬಿಡದ ಮಕ್ಕಳನ್ನು ಕೂಡಿಹಾಕಿ ಬೆತ್ತದಲ್ಲಿ ಬಾರಿಸಿದರು. ಹೊರಗೆ ತಂದೆ-ತಾಯಿ ಸೇರಿ ಗಲಾಟೆ ಮಾಡಿದರು, ಅವರಲ್ಲಿ ಹಲವರಿಗೆ ಜೈಲಾಯಿತು. 1906-07ರ ಹೊತ್ತಿಗೆ ಇಂಥ ಶಾಲಾ ಮುಷ್ಕರದಲ್ಲಿ ಹತ್ತಾರು ಸಾವಿರ ಮಕ್ಕಳಿದ್ದರು. ದೇವರ ಹತ್ತಿರ ಮಾತಾಡುವ ಭಾಷೆಯನ್ನು ಕಿತ್ತುಕೊಳ್ಳಲು ಹೋದದ್ದೇ ಸರ್ಕಾರ ಮಾಡಿದ ದೊಡ್ಡ ತಪ್ಪು ಎಂದು ನನಗನ್ನಿಸುತ್ತೆ. ಪ್ರಷ್ಯಾದವರು ಪ್ರಾಟೆಸ್ಟೆಂಟರು, ರಷ್ಯಾದವರು ಆರ್ಥೊಡಾಕ್ಸ್, ಹಾಗಾಗಿ ಕ್ಯಾಥೊಲಿಕ್ ಆಗಿರುವುದೂ ಪೋಲಿಷ್ ಆಗಿರುವುದೂ ಒಂದೇ ಅನ್ನುವ ಗಂಟು ಈ ಕಾಲದಲ್ಲಿ ಬಿಗಿಯಾಗಿ ಬಿತ್ತು. ಇವತ್ತಿಗೂ ಅದು ಬಿಚ್ಚಿಲ್ಲ.

ಇನ್ನೊಬ್ಬ ನನಗೆ ಬಹಳ ಇಷ್ಟದವನು, ಮಿಹಾವ್ ಜಿಮಾವಾ ಎಂಬ ರೈತ. ಪ್ರಷ್ಯಾದ 1904ರ ಕಾನೂನಿನಿಂದ ಪೋಲಿಷ್ ರೈತರಿಗೆ ತಮ್ಮದೇ ನೆಲದಲ್ಲಿ ಹೊಸ ಮನೆ ಕಟ್ಟೋಕೆ ಪರವಾನಗಿ ಸಿಗದ ಹಾಗಾಯಿತು. ಜಿಮಾವಾ ಏನು ಮಾಡಿದ? ಸರ್ಕಸ್‌ನವರ ಹಳೇ ಗಾಡಿಯೊಂದನ್ನು ಕೊಂಡು ತಂದು ಹೊಲದಲ್ಲಿ ನಿಲ್ಲಿಸಿ ಸಂಸಾರ ಹೂಡಿದ. ಒಂದೇ ಜಾಗದಲ್ಲಿ ನಿಂತರೆ ಅದು ಮನೆ ಎನ್ನುತ್ತಾರೆ ಅಂತ ದಿನಾ ಒಂದಿಷ್ಟು ಸರಿಸುತ್ತಿದ್ದ. ಅಧಿಕಾರಿಗಳು ಒಲೆ ಸರಿಯಿಲ್ಲ, ಅದಿಲ್ಲ ಇದಿಲ್ಲ ಎಂದು ವರ್ಷಗಟ್ಟಲೆ ಕಾಡಿದರು. ಗಾಡಿಯ ಚಿತ್ರ ಯುರೋಪಿನ ಪತ್ರಿಕೆಗಳಲ್ಲೆಲ್ಲ ಬಂತು. ನೂರು ಭಾಷಣ ಮಾಡದ ಕೆಲಸವನ್ನು ಆ ಗಾಡಿ ಮಾಡಿತು.

ಮೇರಿ ಕ್ಯೂರಿ ಕತೆ ನಿಮಗೆ ಗೊತ್ತೇ ಇರುತ್ತೆ. ವಾರ್ಸಾದಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಮನೆಯಿಂದ ಮನೆಗೆ ಜಾಗ ಬದಲಿಸುತ್ತ ನಡೆಯುತ್ತಿದ್ದ 'ಹಾರುವ ವಿಶ್ವವಿದ್ಯಾಲಯ'ದಲ್ಲಿ ಕಲಿತವರು ಅವರು. 1898ರಲ್ಲಿ ತಾವು ಕಂಡುಹಿಡಿದ ಧಾತುವಿಗೆ ಪೊಲೋನಿಯಂ ಎಂದು ಹೆಸರಿಟ್ಟರು. ನಕಾಶೆಯಲ್ಲಿ ಇಲ್ಲದ ದೇಶ ರಸಾಯನಶಾಸ್ತ್ರದ ಕೋಷ್ಟಕದಲ್ಲಿ ಬಂದು ಕೂತಿತು. ತರಗತಿಯಲ್ಲಿ ಹೇಳಿ ನೋಡಿ, ಮಕ್ಕಳು ಮರೆಯಲ್ಲ.

ಪೋಲೆಂಡಿನ ರಾಷ್ಟ್ರಕಾವ್ಯ 'ಲಿಥುವೇನಿಯಾ, ನನ್ನ ತಾಯ್ನಾಡೇ' ಎಂದು ಶುರುವಾಗುತ್ತಂತೆ. ಇದು ನಿಜವಾ, ತಮಾಷೆಯಾ?
— ಬೆಂಗಳೂರು

ನಿಜವೇ. ಕವಿ ಆದಾಮ್ ಮಿಟ್ಸ್ಕೆವಿಚ್ ಪ್ಯಾರಿಸ್‌ನಲ್ಲಿದ್ದಾಗ 1834ರಲ್ಲಿ ಪ್ರಕಟಿಸಿದ 'ಪಾನ್ ತದೇವುಶ್' ಅದು. ಬರೆದದ್ದು ಪೋಲಿಷ್‌ನಲ್ಲಿ, ಕರೆದದ್ದು ಲಿಥುವೇನಿಯಾವನ್ನು, ಹುಟ್ಟಿದ ಸೀಮೆ ಇವತ್ತಿನ ಬೆಲಾರುಸ್‌ನಲ್ಲಿದೆ. ಮೂರು ದೇಶದವರೂ 'ನಮ್ಮವನು' ಎನ್ನುತ್ತಾರೆ. ಅವನಿಗೆ ಇದರಲ್ಲಿ ಗೊಂದಲವೇ ಇರಲಿಲ್ಲ, ಹಳೆಯ ಜೋಡಿ ರಾಜ್ಯವೇ ಅವನ ದೇಶ. ಪೋಲೆಂಡ್ ಅಂದರೆ ರಾಷ್ಟ್ರಗಳ ನಡುವೆ ಶಿಲುಬೆಗೇರಿದ ಕ್ರಿಸ್ತ, ಅದರ ನೋವಿನಿಂದ ಎಲ್ಲರಿಗೂ ಬಿಡುಗಡೆ ಎಂಬ ಕಲ್ಪನೆಗೆ ಬಲ ಕೊಟ್ಟವನೂ ಇವನೇ. ಅದರ ಒಳ್ಳೆಯ ಮುಖ 1831ರಲ್ಲಿ ವಾರ್ಸಾದಲ್ಲಿ ಕೇಳಿಬಂದ 'ನಮ್ಮ ಮತ್ತು ನಿಮ್ಮ ಸ್ವಾತಂತ್ರ್ಯಕ್ಕಾಗಿ' ಎಂಬ ಘೋಷಣೆ. ರಷ್ಯಾದ ಝಾರ್ ವಿರುದ್ಧ ಎದ್ದವರು ರಷ್ಯಾದ ಜನರನ್ನೂ ಸೇರಿಸಿಕೊಂಡು ಕೂಗಿದ ಮಾತು ಅದು. ಕೆಟ್ಟ ಮುಖವೂ ಇದೆ. ನಾವು ಬರೀ ನೋವುಂಡವರು, ನಮ್ಮಿಂದ ಯಾರಿಗೂ ನೋವಾಗಿರಲು ಸಾಧ್ಯವೇ ಇಲ್ಲ ಅನ್ನುವ ನಂಬಿಕೆ ಅದು. ಅದರ ವಿಷಯ ಮುಂದೆ ಬರುತ್ತೆ.

ದ್ಮೋವ್ಸ್ಕಿ, ಪಿಲ್ಸುಡ್ಸ್ಕಿ ಇಬ್ಬರಲ್ಲಿ ನಿಜವಾದ ರಾಷ್ಟ್ರಪಿತ ಯಾರು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ, ಒಂದೇ ಹೆಸರು ಹೇಳಿ ಸಾಕು.
— ಕಲಬುರಗಿಯ ವಿದ್ಯಾರ್ಥಿನಿ

ಒಂದೇ ಹೆಸರು ಹೇಳಿದರೆ ವಾರ್ಸಾದಲ್ಲಿ ಅರ್ಧ ಜನ ನನ್ನ ಮೇಲೆ ಜಗಳಕ್ಕೆ ಬರುತ್ತಾರಮ್ಮ. ಸ್ವಲ್ಪ ತಾಳ್ಮೆಯಿಂದ ಓದು.

ಯೂಝೆಫ್ ಪಿಲ್ಸುಡ್ಸ್ಕಿ 1867ರಲ್ಲಿ ವಿಲ್ನಿಯಸ್ ಹತ್ತಿರದ ಷ್ಲಾಖ್ತಾ ಮನೆಯಲ್ಲಿ ಹುಟ್ಟಿದ. ಸಮಾಜವಾದಿ. ಸೈಬೀರಿಯಾಕ್ಕೆ ಗಡೀಪಾರಾಗಿ ಐದು ವರ್ಷ ಕಳೆದ, ಗುಟ್ಟಾಗಿ ಪತ್ರಿಕೆ ಅಚ್ಚು ಹಾಕಿದ, ಸಿಕ್ಕಿಬಿದ್ದಾಗ ಹುಚ್ಚನ ಹಾಗೆ ನಟಿಸಿ ಆಸ್ಪತ್ರೆಗೆ ಸೇರಿ ಅಲ್ಲಿಂದ ಪರಾರಿಯಾದ. 1908ರಲ್ಲಿ ಹಣಕ್ಕಾಗಿ ಬೆಜ್ದಾನಿ ಎಂಬಲ್ಲಿ ರಷ್ಯಾದ ಟಪಾಲು ರೈಲನ್ನೇ ದೋಚಿದ. ಆ ದರೋಡೆಯಲ್ಲಿ ಇದ್ದವರಲ್ಲಿ ಅವನೂ ಸೇರಿ ನಾಲ್ವರು ಮುಂದೆ ಪ್ರಧಾನಿಗಳಾದರು! ಅವನ ಕನಸು ಹಳೆಯ ಜೋಡಿ ರಾಜ್ಯದಂಥದ್ದು. ಪೋಲಿಷರು, ಲಿಥುವೇನಿಯನ್ನರು, ಉಕ್ರೇನಿಯನ್ನರು, ಬೆಲಾರುಸಿನವರು ಎಲ್ಲ ಸೇರಿದ ಒಕ್ಕೂಟ, ರಷ್ಯಾಕ್ಕೆ ಅಡ್ಡಗೋಡೆ. ಯಜಮಾನಿಕೆ ಮಾತ್ರ ಪೋಲಿಷರದ್ದೇ ಅನ್ನೋದು ಒಳಗಿನ ಮಾತು, ಉಳಿದವರು ಅದನ್ನು ಬೇಗ ಅರ್ಥ ಮಾಡಿಕೊಂಡರು.

ರೋಮನ್ ದ್ಮೋವ್ಸ್ಕಿ 1864ರವನು, ವಾರ್ಸಾ ಪಕ್ಕದವನು. ಅಪ್ಪ ರಸ್ತೆಗೆ ಕಲ್ಲು ಹಾಸಿಸುವ ಕೆಲಸ ಮಾಡುತ್ತಿದ್ದ. ಮಗ ಓದಿದ್ದು ಜೀವಶಾಸ್ತ್ರ, ಅದರ ವಾಸನೆ ಅವನ ರಾಜಕೀಯದಲ್ಲೂ ಬರುತ್ತೆ. ರಾಷ್ಟ್ರಗಳು ಪ್ರಾಣಿಗಳ ಹಾಗೆ, ಬಲ ಇದ್ದದ್ದು ಉಳಿಯುತ್ತೆ ಅನ್ನುವ ವಾದ. 1893ರಲ್ಲಿ ರಾಷ್ಟ್ರೀಯ ಲೀಗ್ ಕಟ್ಟಿದ. ಅದರ ಸುತ್ತ ಬೆಳೆದ ಚಳವಳಿಗೆ ಎಂಡೆಟ್ಸಿಯಾ ಎಂದು ಹೆಸರು. ಅವನ 1903ರ ಪುಸ್ತಕದಲ್ಲಿ ನಾನು ಪೋಲಿಷ್, ಆದ್ದರಿಂದ ನನಗೆ ಪೋಲಿಷ್ ಕರ್ತವ್ಯಗಳಿವೆ ಎಂಬ ಮಾತಿದೆ, ಇವತ್ತಿಗೂ ಬಲಪಂಥೀಯರು ಅದನ್ನು ಬ್ಯಾನರ್ ಮೇಲೆ ಬರೆಯುತ್ತಾರೆ. ಸೋಲುವ ದಂಗೆಗಳು, ಕಣ್ಣೀರಿನ ಕಾವ್ಯ, ಷ್ಲಾಖ್ತಾದ ಜಂಬ ಮೂರನ್ನೂ ಅವನು ಗೇಲಿ ಮಾಡಿದ. ರಷ್ಯಾದ ವಿರುದ್ಧ ಎದ್ದ 1830, 1863ರ ದಂಗೆಗಳಲ್ಲಿ ಸತ್ತು ಸತ್ತು ಏನು ಬಂತು ಎಂದು ಕೇಳಿದ. ಆ ಪ್ರಶ್ನೆಯಲ್ಲಿ ನ್ಯಾಯ ಇತ್ತು ಎಂದೇ ನನ್ನ ಅಭಿಪ್ರಾಯ. ರೈತನನ್ನು 'ರಾಷ್ಟ್ರ'ದ ಒಳಗೆ ಕರೆದುಕೊಂಡವರಲ್ಲಿ ಅವನ ಗುಂಪಿನ ಪಾತ್ರ ದೊಡ್ಡದು. ಆದರೆ ರೈತನಿಗೆ ಬಾಗಿಲು ತೆರೆದ ಕೈಯೇ ಯೆಹೂದಿಗಳಿಗೆ, ಉಕ್ರೇನಿಯನ್ನರಿಗೆ ಬಾಗಿಲು ಹಾಕಿತು. ಒಂದು ಭಾಷೆ, ಒಂದು ಧರ್ಮ, ಒಗ್ಗಿದವರು ಇರಲಿ, ಒಗ್ಗದವರು ಹೊರಗೆ.

ಇವರಿಬ್ಬರ ಜಗಳದ ಅತಿ ಮಜದ ಪ್ರಸಂಗ ನಡೆದದ್ದು ಜಪಾನಿನಲ್ಲಿ. 1904ರಲ್ಲಿ ರಷ್ಯಾ-ಜಪಾನ್ ಯುದ್ಧ ನಡೆಯುತ್ತಿತ್ತು. ಜಪಾನಿನಿಂದ ಬಂದೂಕು ತಂದು ರಷ್ಯಾದ ಬೆನ್ನಿಗೆ ದಂಗೆ ಎಬ್ಬಿಸಬೇಕು ಎಂದು ಪಿಲ್ಸುಡ್ಸ್ಕಿ ಟೋಕಿಯೊಗೆ ಹೋದ. ದ್ಮೋವ್ಸ್ಕಿ ಅವನಿಗಿಂತ ಮುಂಚೆ ಅಲ್ಲಿ ತಲುಪಿ, ಇವನ ಮಾತು ಕೇಳಬೇಡಿ, ದಂಗೆ ಸೋಲುತ್ತೆ ಎಂದು ಜಪಾನಿಯರಿಗೆ ತಿಳಿಸಿದ್ದ. ಇಬ್ಬರೂ ಅಲ್ಲಿ ಎದುರಾಗಿ ಗಂಟೆಗಟ್ಟಲೆ ಮಾತಾಡಿದರು, ಒಪ್ಪಂದ ಆಗಲಿಲ್ಲ. ಇಲ್ಲದ ದೇಶದ ಇಬ್ಬರು, ಅದನ್ನು ಹೇಗೆ ತರೋದು ಎಂದು ಸಾವಿರಾರು ಮೈಲಿ ದೂರ ಹೋಗಿ ಜಗಳ ಆಡಿದರು ನೋಡಿ.

ದೇಶ ಬಂದಾಗ ಇಬ್ಬರೂ ಬೇಕಾದರು. ವಾರ್ಸಾದಲ್ಲಿ ಅಧಿಕಾರ ಹಿಡಿದವನು ಪಿಲ್ಸುಡ್ಸ್ಕಿ, 1919ರಲ್ಲಿ ವರ್ಸೇಲ್ಸ್ ಒಪ್ಪಂದಕ್ಕೆ ಪಿಯಾನೋ ವಾದಕ ಪಾದೆರೆವ್ಸ್ಕಿ ಜೊತೆ ಸಹಿ ಹಾಕಿದವನು ದ್ಮೋವ್ಸ್ಕಿ. ಪರೀಕ್ಷೆಯಲ್ಲಿ ರಾಷ್ಟ್ರಪಿತ ಎಂದು ಕೇಳಿದರೆ ಪಿಲ್ಸುಡ್ಸ್ಕಿ ಎಂದು ಬರೆದು ಬಾ. ಯಾರ ವಿಚಾರ ಜಾಸ್ತಿ ಗೆದ್ದಿತು ಎಂದು ಕೇಳಿದರೆ ನಾನು ದ್ಮೋವ್ಸ್ಕಿ ಎನ್ನುತ್ತೇನೆ.

ಯೆಹೂದಿಗಳ ವಿಷಯದಲ್ಲಿ ಪೋಲೆಂಡ್ ತಪ್ಪಿತಸ್ಥನಾ, ಬಲಿಪಶುವಾ? ಎರಡೂ ಓದಿ ತಲೆ ಕೆಟ್ಟಿದೆ.
— ಮಂಗಳೂರು

ಎರಡೂ ಹೌದು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಸುಳ್ಳಾಗುತ್ತೆ.

ಹೊಸ ಪೋಲೆಂಡಿನಲ್ಲಿ ಸುಮಾರು ಮೂರನೇ ಒಂದು ಭಾಗ ಜನ ಪೋಲಿಷರಲ್ಲ. 1922ರ ಡಿಸೆಂಬರ್ 9ರಂದು ಸಂಸತ್ತು ಗಬ್ರಿಯೆಲ್ ನಾರುತೊವಿಚ್‌ರನ್ನು ಮೊದಲ ಅಧ್ಯಕ್ಷರನ್ನಾಗಿ ಆರಿಸಿತು. ಗೆಲುವಿಗೆ ಅಲ್ಪಸಂಖ್ಯಾತರ ಮತಗಳೂ ಬೇಕಾಗಿದ್ದವು. 'ಯೆಹೂದಿಗಳ ಅಧ್ಯಕ್ಷ' ಎಂದು ಎಂಡೆಟ್ಸಿಯಾ ಬೀದಿಯಲ್ಲಿ ಕೂಗಾಡಿತು. ಒಂದೇ ವಾರಕ್ಕೆ, 16ನೇ ತಾರೀಕು, ಚಿತ್ರಪ್ರದರ್ಶನ ನೋಡಲು ಹೋದ ಅಧ್ಯಕ್ಷರನ್ನು ಒಬ್ಬ ಚಿತ್ರಕಾರ ಗುಂಡಿಟ್ಟು ಕೊಂದ. 1930ರ ದಶಕದಲ್ಲಿ ವಿಶ್ವವಿದ್ಯಾಲಯಗಳಲ್ಲಿ ಯೆಹೂದಿ ವಿದ್ಯಾರ್ಥಿಗಳಿಗೆ ಬೇರೆ ಬೆಂಚು ಬಂತು. ಅದರಲ್ಲಿ ಕೂರಲು ಒಪ್ಪದೆ ಹಲವರು ಪಾಠ ಮುಗಿಯುವ ತನಕ ನಿಂತೇ ಕೇಳುತ್ತಿದ್ದರು. ಬೇರೆ ಬೆಂಚು ಅಂದರೆ ಏನು ಅಂತ ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಜರ್ಮನರು ಬಂದರು. ಪೋಲೆಂಡಿನ ಸುಮಾರು 30 ಲಕ್ಷ ಯೆಹೂದಿಗಳನ್ನು ನಾಜಿಗಳು ಕೊಂದರು. ಯೆಹೂದಿಗಳನ್ನು ಉಳಿಸಿದ್ದಕ್ಕೆ ಇಸ್ರೇಲ್ ಕೊಡುವ ಗೌರವ ಪಡೆದವರಲ್ಲಿ ಎಲ್ಲ ದೇಶಗಳಿಗಿಂತ ಪೋಲಿಷರೇ ಜಾಸ್ತಿ, 7,000ಕ್ಕೂ ಮೇಲೆ. 1941ರ ಜುಲೈನಲ್ಲಿ ಯೆದ್ವಾಬ್ನೆ ಊರಿನಲ್ಲಿ ನೆರೆಯ ಯೆಹೂದಿಗಳನ್ನು ಕೊಟ್ಟಿಗೆಗೆ ತುಂಬಿ ಸುಟ್ಟವರೂ ಪೋಲಿಷರೇ.

ಇವೆರಡನ್ನೂ ಒಬ್ಬರಲ್ಲೇ ನೋಡಬೇಕಾದರೆ ಲೇಖಕಿ ಝೋಫಿಯಾ ಕೊಸಾಕ್ ಇದ್ದಾರೆ. 1942ರ ಆಗಸ್ಟ್‌ನಲ್ಲಿ ಅವರು ಗುಟ್ಟಾಗಿ ಹಂಚಿದ ಕರಪತ್ರದಲ್ಲಿ ಈ ಕೊಲೆಗಳನ್ನು ನೋಡಿ ಸುಮ್ಮನಿರುವವನು ಕೊಲೆಗಾರನ ಜೊತೆಗಾರ ಎಂಬ ಮಾತಿದೆ. ಅದೇ ಕರಪತ್ರದಲ್ಲಿ ಯೆಹೂದಿಗಳು ಪೋಲೆಂಡಿನ ಶತ್ರುಗಳೇ ಎಂದೂ ಇದೆ. ಹಾಗೆ ಬರೆದವರೇ ಪ್ರಾಣ ಒತ್ತೆಯಿಟ್ಟು ಯೆಹೂದಿಗಳನ್ನು ಬಚ್ಚಿಡುವ ಸಂಘ ಕಟ್ಟಿದರು, ಆಮೇಲೆ ಆಷ್‌ವಿಟ್ಜ್ ಶಿಬಿರಕ್ಕೂ ಹೋದರು. ಇವರನ್ನು ಯಾವ ಪೆಟ್ಟಿಗೆಗೆ ಹಾಕೋದು ಎಂದು ನನಗೆ ಇನ್ನೂ ಹೊಳೆದಿಲ್ಲ.

ಕಮ್ಯುನಿಸ್ಟರು ಬಂದ ಮೇಲೆ ಈ ರಾಷ್ಟ್ರೀಯವಾದ ಅಳಿಯಿತು ಅಲ್ವಾ?
— ಶಿವಮೊಗ್ಗ

ಉಲ್ಟಾ ಆಯಿತು. 1945ರಲ್ಲಿ ಸ್ಟಾಲಿನ್ ಪೋಲೆಂಡನ್ನೇ ಎತ್ತಿ ಪಶ್ಚಿಮಕ್ಕೆ ಇಟ್ಟ. ಪೂರ್ವದ ವಿಲ್ನಿಯಸ್, ಲ್ವೂಫ್ ಹೋದವು, ಜರ್ಮನಿಯ ಊರುಗಳು ಬಂದವು, ಜರ್ಮನರನ್ನು ಓಡಿಸಿದರು. ಯೆಹೂದಿಗಳು ಆಗಲೇ ಹೆಚ್ಚು ಜನ ಉಳಿದಿರಲಿಲ್ಲ. ದ್ಮೋವ್ಸ್ಕಿ ಬಯಸಿದ ಒಂದೇ ಜನದ ಪೋಲೆಂಡ್ ತಯಾರಾದದ್ದು ಹಿಟ್ಲರ್ ಮತ್ತು ಸ್ಟಾಲಿನ್ ಕೈಯಲ್ಲಿ. ಕಮ್ಯುನಿಸ್ಟ್ ಸರ್ಕಾರಕ್ಕೆ ರಾಷ್ಟ್ರೀಯವಾದದ ಭಾಷೆ ಚೆನ್ನಾಗಿಯೇ ಒಗ್ಗಿತು. 1968ರಲ್ಲಿ ಅದೇ ಯೆಹೂದಿಗಳ ಮೇಲೆ ಹರಿಹಾಯ್ದು, ಉಳಿದಿದ್ದವರಲ್ಲಿ ಸಾವಿರಾರು ಜನರನ್ನು ದೇಶ ಬಿಡಿಸಿತು.

ಉಕ್ರೇನ್ ಯುದ್ಧದಲ್ಲಿ ಪೋಲೆಂಡ್ ಅಷ್ಟು ಮುಂದೆ ನಿಂತದ್ದಕ್ಕೂ ಈ ಹಳೇ ವಿಚಾರಗಳಿಗೂ ಸಂಬಂಧ ಇದೆಯಾ?
— ಹುಬ್ಬಳ್ಳಿ

ನೇರ ಸಂಬಂಧ ಇದೆ. ಪ್ಯಾರಿಸ್ ಹತ್ತಿರದ ಒಂದು ಮನೆಯಿಂದ ಯೆಝಿ ಗೀದ್ರೋಯ್ಟ್ಸ್ ಎಂಬಾತ ದಶಕಗಳ ಕಾಲ 'ಕುಲ್ತುರಾ' ಎಂಬ ಪೋಲಿಷ್ ಪತ್ರಿಕೆ ನಡೆಸಿದ. ಹೋದ ವಿಲ್ನಿಯಸ್, ಲ್ವೂಫ್ ಹೋದವು, ಅವನ್ನು ಮರೆತು ಲಿಥುವೇನಿಯಾ, ಬೆಲಾರುಸ್, ಉಕ್ರೇನ್ ಸ್ವತಂತ್ರವಾಗುವುದನ್ನು ಬೆಂಬಲಿಸಿ ಎಂದು ಆ ಪತ್ರಿಕೆ ವಾದಿಸಿತು. ಪಿಲ್ಸುಡ್ಸ್ಕಿಯ ಕನಸಿನಿಂದ ಯಜಮಾನಿಕೆ ತೆಗೆದರೆ ಉಳಿಯುವುದು ಇದೇ. ಪತ್ರಿಕೆಯವರು ಬೈಗುಳ ಬೇಕಾದಷ್ಟು ತಿಂದರು. ಆದರೆ 1991ರ ಡಿಸೆಂಬರ್ 2ರಂದು, ಉಕ್ರೇನಿನ ಸ್ವಾತಂತ್ರ್ಯದ ಜನಮತದ ಮರುದಿನವೇ, ಆ ದೇಶವನ್ನು ಮಾನ್ಯ ಮಾಡಿದ ಮೊದಲ ದೇಶಗಳಲ್ಲಿ ಪೋಲೆಂಡ್ ಇತ್ತು. 2022ರಲ್ಲಿ ಲಕ್ಷಗಟ್ಟಲೆ ಉಕ್ರೇನಿಯನ್ನರಿಗೆ ಜನ ಮನೆ ಬಾಗಿಲು ತೆರೆದರು.

ಇನ್ನೊಂದು, ದ್ಮೋವ್ಸ್ಕಿಯ ಧಾರೆಯೂ ಬತ್ತಿಲ್ಲ. 1943ರಲ್ಲಿ ವೊಲ್ಹೀನಿಯಾದಲ್ಲಿ (ಇವತ್ತಿನ ಪಶ್ಚಿಮ ಉಕ್ರೇನಿನ ಸೀಮೆ) ಉಕ್ರೇನಿಯನ್ ಹೋರಾಟಗಾರರು ಹತ್ತಾರು ಸಾವಿರ ಪೋಲಿಷರನ್ನು ಕೊಂದ ನೆನಪು ಪ್ರತಿ ಚುನಾವಣೆಯಲ್ಲೂ ಏಳುತ್ತೆ. 2025ರಲ್ಲಿ ಅಧ್ಯಕ್ಷರಾಗಿ ಗೆದ್ದ ಕರೋಲ್ ನವ್ರೋಟ್ಸ್ಕಿ ಇತಿಹಾಸಕಾರರು, ರಾಷ್ಟ್ರೀಯ ಸ್ಮರಣೆಯ ಸರ್ಕಾರಿ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಅಲ್ಲಿ ಇತಿಹಾಸ ಓದಿದವರಿಗೆ ಕೆಲಸ ಸಿಗೋದಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಅಂದ ಹಾಗೆ, ಮೊದಲ ಪ್ರಶ್ನೆಯ ಆ ಮೆರವಣಿಗೆ ಹೊರಡೋದು ವಾರ್ಸಾದ ನಡುವಿನ ಒಂದು ವೃತ್ತದಿಂದ. ಅದರ ಹೆಸರು ದ್ಮೋವ್ಸ್ಕಿ ವೃತ್ತ.

ನಮ್ಮ ಕಡೆಗೂ ಪೋಲೆಂಡಿಗೂ ಏನಾದರೂ ನಂಟು ಇದೆಯಾ, ಸುಮ್ನೆ ಕೇಳ್ತಿದ್ದೀನಿ.
— ಬೆಳಗಾವಿ

ನಿಮ್ಮ ಪಕ್ಕದಲ್ಲೇ ಇದೆ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ದೇಶದಿಂದ ಪಾರಾಗಿ ಬಂದ ಸುಮಾರು 5,000 ಪೋಲಿಷ್ ಹೆಂಗಸರು, ಮಕ್ಕಳು, ಮುದುಕರು ಕೊಲ್ಹಾಪುರದ ವಳಿವಡೆ ಶಿಬಿರದಲ್ಲಿ 1948ರ ತನಕ ಇದ್ದರು. ಶಾಲೆ, ಚರ್ಚು, ಸ್ಕೌಟು ಎಲ್ಲ ಪೋಲಿಷ್‌ನಲ್ಲೇ.

ಬೆಂಗಳೂರಿನ ನಂಟೂ ಒಂದಿದೆ. ಮೌರಿಸ್ ಫ್ರೀಡ್‌ಮನ್ ಎಂಬ ಪೋಲೆಂಡಿನ ಯೆಹೂದಿ ಎಂಜಿನಿಯರ್ 1930ರ ದಶಕದಲ್ಲಿ ಮೈಸೂರು ಸರ್ಕಾರದ ವಿದ್ಯುತ್ ಉಪಕರಣಗಳ ಕಾರ್ಖಾನೆ ನೋಡಿಕೊಳ್ಳಲು ಬೆಂಗಳೂರಿಗೆ ಬಂದರು. ಖಾದಿ ತೊಟ್ಟರು, ಕಾವಿ ತೊಟ್ಟರು, ಗಾಂಧೀಜಿ ಹತ್ತಿರ ಹೋಗಿ ಚರಕ ಸುಧಾರಿಸುವ ಕೆಲಸಕ್ಕೆ ಕೂತರು. ದ್ಮೋವ್ಸ್ಕಿಯ ಲೆಕ್ಕದಲ್ಲಿ ಈ ಮನುಷ್ಯ ಪೋಲಿಷನೇ ಅಲ್ಲ. ಆದರೆ ವಾಂಡಾ ದಿನೊವ್ಸ್ಕಾ ಎಂಬ ಪೋಲಿಷ್ ಹೆಂಗಸಿನ ಜೊತೆ ಸೇರಿ 1944ರಲ್ಲಿ ಮದರಾಸಿನಲ್ಲಿ 'ಪೋಲಿಷ್-ಇಂಡಿಯನ್ ಲೈಬ್ರರಿ' ಎಂಬ ಪುಸ್ತಕಮಾಲೆ ಶುರು ಮಾಡಿ, ಭಾರತದ ಪುಸ್ತಕಗಳನ್ನು ಪೋಲಿಷ್ ಭಾಷೆಗೆ ತಂದವರು ಇವರೇ.